ಪರೀಕ್ಷೆಯ ದಿನ ಮಾತ್ರ ಜಾಣ ಕಾರು

‘ಪ್ರಶಸ್ತಿ ಬಂದ ಕಾರಿನ ಹೊಸ ತಂತ್ರಜ್ಞಾನವನ್ನು ಕಣ್ಣುಮುಚ್ಚಿ ನಂಬಬಹುದೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಸೀಟು, ಸ್ಟಿಯರಿಂಗು, ಡಿಕ್ಕಿಯ ಜಾಗವನ್ನು ಶೋರೂಮಿನಲ್ಲಿ ನೀವೇ ನೋಡಿಕೊಳ್ಳಬಹುದು. ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡ್ ಎಷ್ಟಿದೆ ಎಂಬುದನ್ನು ಹೇಗೆ ನೋಡುತ್ತೀರಿ? ಪ್ರಶಸ್ತಿಯ ಮಾತಿಗೆ ತೂಕ ಬರುವುದೇ ಇಂಥಲ್ಲಿ.

2008ರ ನವೆಂಬರಿನಲ್ಲಿ, ಲಾಸ್ ಏಂಜಲೀಸಿನ ವಾಹನ ಮೇಳದಲ್ಲಿ, ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರು ಜೆಟ್ಟಾ ಟಿಡಿಐಗೆ ‘ವರ್ಷದ ಹಸಿರು ಕಾರು’ ಪ್ರಶಸ್ತಿ ಬಂತು. ಡೀಸೆಲ್ ಎಂದರೆ ಕರಿಹೊಗೆ ಎಂದುಕೊಂಡಿದ್ದ ಅಮೆರಿಕದಲ್ಲಿ ‘ಕ್ಲೀನ್ ಡೀಸೆಲ್’ ಮಾರಲು ಇದಕ್ಕಿಂತ ಒಳ್ಳೆಯ ಶಿಫಾರಸು ಬೇಕೆ? ಮರುವರ್ಷ ಅದೇ ಪ್ರಶಸ್ತಿ ಅದೇ ಸಮೂಹದ ಆಡಿ ಎ3 ಟಿಡಿಐಗೆ.

ಇಂಥ ಪ್ರಶಸ್ತಿಯ ಬೆಲೆ ತಿಳಿಯಲು, ಶಾಲೆಗೆ ಇನ್‌ಸ್ಪೆಕ್ಟರ್ ಬರುವ ದಿನವನ್ನು ನೆನೆಸಿಕೊಳ್ಳಿ. ತಾರೀಖು ಮೊದಲೇ ಗೊತ್ತು, ಕೇಳುವ ಪ್ರಶ್ನೆಯೂ ಗೊತ್ತು. ಗೋಡೆಗೆ ಸುಣ್ಣ, ಮುಂದಿನ ಬೆಂಚಿಗೆ ಜಾಣರು, ತಂಟೆಕೋರರಿಗೆ ರಜೆ. ಇನ್‌ಸ್ಪೆಕ್ಟರ್ ಸುಳ್ಳು ಬರೆಯಲಿಲ್ಲ, ಕಂಡದ್ದನ್ನೇ ಬರೆದರು. ಆ ವರದಿ ನಂಬಿ ‘ಉತ್ತಮ ಶಾಲೆ’ ಪ್ರಶಸ್ತಿ ಕೊಟ್ಟವರೂ ಪ್ರಾಮಾಣಿಕರೇ. ಮಗುವನ್ನು ಸೇರಿಸಲು ಬಂದ ಅಪ್ಪ-ಅಮ್ಮ ಮಾತ್ರ ಇಬ್ಬರು ಸಾಕ್ಷಿ ಸಿಕ್ಕರೆಂದುಕೊಳ್ಳುತ್ತಾರೆ. ಇದ್ದದ್ದು ಒಬ್ಬರೇ, ಅದೂ ಆ ಒಂದು ದಿನದ ಸಾಕ್ಷಿ.

ಕಾರಿನ ‘ಇನ್‌ಸ್ಪೆಕ್ಷನ್’ ನಡೆಯುವುದು ಪ್ರಯೋಗಾಲಯದ ಉರುಳೆಗಳ ಮೇಲೆ. ಚಕ್ರ ತಿರುಗುತ್ತದೆ, ಸ್ಟಿಯರಿಂಗ್ ಅಲುಗುವುದಿಲ್ಲ. ವೇಗ ಯಾವಾಗ ಏರಬೇಕು, ಇಳಿಯಬೇಕು ಎಂಬುದೂ ನಿಗದಿ. ಈ ಲಕ್ಷಣಗಳನ್ನು ಗುರುತಿಸಿದರೆ ಮಾತ್ರ ಹೊಗೆಯ ಶುದ್ಧೀಕರಣ ಪೂರ್ತಿ ನಡೆಯುವಂತೆ ಫೋಕ್ಸ್‌ವ್ಯಾಗನ್ನಿನ ಡೀಸೆಲ್ ಕಾರುಗಳ ಸಾಫ್ಟ್‌ವೇರ್ ಬರೆಯಲಾಗಿತ್ತು.

ಈ ಮೋಸ ಬಯಲಾದದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣದೊಂದು ತಂಡದಿಂದ. ಬೆಂಗಳೂರಿನ ಹೇಮಂತ್ ಕಪ್ಪಣ್ಣ ಅದರಲ್ಲಿದ್ದರು. ಡೀಸೆಲ್ ಕಾರು ಸ್ವಚ್ಛವಾಗಿರಬಲ್ಲದು ಎಂದು ಯುರೋಪಿಗೆ ತೋರಿಸುವುದು ಅಧ್ಯಯನಕ್ಕೆ ಹಣ ಕೊಟ್ಟವರ ಆಸೆಯಾಗಿತ್ತು! ಅಳೆಯುವ ಯಂತ್ರವನ್ನು ಕಾರಿನೊಳಗೇ ಹೇರಿಕೊಂಡು ರಸ್ತೆಗಿಳಿದಾಗ, ಜೆಟ್ಟಾದ ನೈಟ್ರೋಜನ್ ಆಕ್ಸೈಡ್ ಮಿತಿಗಿಂತ 15ರಿಂದ 35 ಪಟ್ಟು ಹೆಚ್ಚಿತ್ತು. 2014ರಲ್ಲಿ ಈ ಫಲಿತಾಂಶ ಹೊರಬಂತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2015ರ ಸೆಪ್ಟೆಂಬರಿನಲ್ಲಿ ಮೋಸವನ್ನು ಪ್ರಕಟಿಸಿತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಈ ಸಾಫ್ಟ್‌ವೇರ್ ಇತ್ತೆಂದು ಕಂಪನಿಯೇ ಒಪ್ಪಿಕೊಂಡಿತು. ಎರಡೂ ಹಸಿರು ಪ್ರಶಸ್ತಿಗಳು ವಾಪಸಾದವು. ಕಾರು ಕೊಂಡಿದ್ದವರು ಅಷ್ಟರಲ್ಲಿ ವರ್ಷಗಟ್ಟಲೆ ಅದನ್ನು ಓಡಿಸಿಯಾಗಿತ್ತು.

 

ಹಾಗಾಗಿ ಪ್ರಶಸ್ತಿಯ ಹೆಸರಿಗಿಂತ, ಅಳೆದವರು ಯಾರು, ಎಲ್ಲಿ ಅಳೆದರು ಎಂದು ಕೇಳಿ. ನಮ್ಮಲ್ಲೂ ಬಿಎಸ್-6 ಹೊಗೆ ನಿಯಮಗಳ ಎರಡನೇ ಹಂತದಲ್ಲಿ, 2023ರ ಏಪ್ರಿಲ್‌ನಿಂದ, ಹೊಸ ಕಾರುಗಳ ಹೊಗೆಯನ್ನು ರಸ್ತೆಯ ಮೇಲೂ ಅಳೆಯಲಾಗುತ್ತಿದೆ.