ಒಂದು ಯೂನಿಟ್ಟಿಗೆ ಎಷ್ಟು ಕೊಡ ನೀರು?

ಜಲವಿದ್ಯುತ್ ಪಾಠವೆಂದರೆ ಅಣೆಕಟ್ಟು, ಟರ್ಬೈನು, ತಂತಿ, ಕಂಬ. ನಡುನಡುವೆ ಬಾಣದ ಗುರುತು. ಚಿತ್ರದಲ್ಲಿ ತಪ್ಪಿಲ್ಲ. ಆದರೆ ಕರೆಂಟು ನೀರಿನೊಳಗೇ ಇತ್ತು, ಯಂತ್ರ ಅದನ್ನು ಹಿಂಡಿ ತೆಗೆಯಿತು ಎಂಬ ಭಾವನೆ ಮಕ್ಕಳಲ್ಲಿ ಉಳಿದುಬಿಡುತ್ತದೆ. ಪಾಠ ಶುರುವಾಗಬೇಕಾದದ್ದು ಎತ್ತರದಿಂದ. ಹತ್ತು ಲೀಟರಿನ ಒಂದು ಕೊಡವನ್ನು ಹನ್ನೆರಡು ಅಡಿಯ ಮಾಳಿಗೆಗೆ ಹೊತ್ತು ಏರಿಸಿದರೆ, ನಾವು ಪಟ್ಟ ಶ್ರಮ ಆ ನೀರಿನಲ್ಲಿ ಕೂಡಿಟ್ಟಂತೆ. ಕೆಳಗೆ ಸುರಿದರೆ ಅದು ತಿರುಗಿ ಸಿಗುತ್ತದೆ. ಎಷ್ಟು? ಒಂದು ಯೂನಿಟ್ ವಿದ್ಯುತ್ತಿಗೆ ಇಂಥ ಹತ್ತು ಸಾವಿರ ಕೊಡ ಸುರಿಯಬೇಕು. ಸುಮಾರು 52 ಮೀಟರ್ ಧುಮ್ಮಿಕ್ಕುವ ಗೋಕಾಕ ಜಲಪಾತದಲ್ಲಾದರೆ ಏಳು ನೂರು ಕೊಡ. 400 ಮೀಟರಿಗೂ ಮಿಕ್ಕಿ ಇಳಿಯುವ ಶರಾವತಿಯಲ್ಲಿ ತೊಂಬತ್ತರಷ್ಟು. ಯಂತ್ರದಲ್ಲಿ ಸೋರಿಹೋಗುವುದನ್ನು ಲೆಕ್ಕ ಹಿಡಿದರೆ ಇನ್ನಷ್ಟು ಬೇಕು. 1887ರಷ್ಟು ಹಿಂದೆಯೇ ಗೋಕಾಕದ ನೂಲಿನ ಗಿರಣಿ ಘಟಪ್ರಭೆಯ ಬಲವನ್ನು ದುಡಿಸಿಕೊಂಡದ್ದು ಆ ಬಂಡೆಯ ಎತ್ತರ ಇದ್ದದ್ದರಿಂದಲೇ.

ಕರೆಂಟು ತೆಗೆದ ನೀರಿನಲ್ಲಿ ಸತ್ವ ಉಳಿಯುತ್ತದೆಯೇ, ಬೆಳೆಗೆ ಅದು ಬಂದೀತೇ ಎಂದು ಮಗು ಕೇಳಿದರೆ ನಗಬಾರದು. ಒಳ್ಳೆಯ ಪ್ರಶ್ನೆ ಅದು. ನೀರು ಟರ್ಬೈನಿನ ಅಲಗುಗಳನ್ನು ನೂಕುತ್ತದೆ, ಅಚ್ಚು ತಿರುಗುತ್ತದೆ, ತಾಮ್ರದ ಸುರುಳಿಗಳ ನಡುವೆ ಅಯಸ್ಕಾಂತ ಸುತ್ತುತ್ತದೆ, ವಿದ್ಯುತ್ತು ಹುಟ್ಟುತ್ತದೆ. ನೀರು ಕಳೆದುಕೊಳ್ಳುವುದು ತನ್ನ ಎತ್ತರವನ್ನು ಮಾತ್ರ. ಹಾಗೇ ಬಂಡೆಗೆ ಅಪ್ಪಳಿಸಿದ್ದರೂ ಆ ಎತ್ತರ ಹೋಗುತ್ತಲೇ ಇತ್ತು: ಗೋಕಾಕದಷ್ಟು ಎತ್ತರದಿಂದ ಬಿದ್ದ ನೀರು ಒಂದು ಡಿಗ್ರಿಯ ಎಂಟನೇ ಒಂದು ಪಾಲಿನಷ್ಟು ಬೆಚ್ಚಗಾಗಿ ಸುಮ್ಮನಾಗುತ್ತದೆ. ಹೀಗೆ ಬಿಸಿಯಾಗಿ ಪೋಲಾಗುವುದನ್ನೇ ಯಂತ್ರ ಬೆಳಕಾಗಿಸುತ್ತದೆ.

ಹಾಗಾದರೆ ನವಿಲುತೀರ್ಥದಲ್ಲಿ 37.73 ಟಿಎಂಸಿ ನೀರು ಹಿಡಿಯುವ ಮಲಪ್ರಭಾ ಅಣೆಕಟ್ಟು ಇದ್ದೂ ಅದು ಶರಾವತಿಯಂತೆ ನಾಡಿಗೆಲ್ಲ ದೀಪ ಹಚ್ಚುವುದಿಲ್ಲವೇಕೆ? ನೀರು ಬಹಳವಿದ್ದರೆ ಸಾಲದು. ಶರಾವತಿಯ ಆ ಇಳಿಜಾರು ಇಲ್ಲಿಲ್ಲ. ಅದಕ್ಕಿಂತ ದೊಡ್ಡ ಕಾರಣ, ಈ ನೀರಿಗೆ ಮೊದಲ ಹಕ್ಕುದಾರರು ಕಾಲುವೆಯ ಕೆಳಗಿನ ಹೊಲಗಳು, ಹುಬ್ಬಳ್ಳಿ-ಧಾರವಾಡದ ನಲ್ಲಿಗಳು. ದೀಪ ಬೇಕಾದಾಗಲೆಲ್ಲ ಅದನ್ನು ಬಿಡಲಾಗದು. ನೀರಾವರಿ, ವಿದ್ಯುತ್ತು ಎರಡೂ ಕೂಡಿ ನಡೆಯಲಾರವು ಎಂದಲ್ಲ. ಘಟಪ್ರಭೆಯ ನೀರನ್ನು ಹೊಲಗಳಿಗೆ ಹರಿಸುವ ಹಿಡಕಲ್ ಅಣೆಕಟ್ಟಿನಲ್ಲಿ 32 ಮೆಗಾವಾಟಿನ ವಿದ್ಯುತ್ ಮನೆ ಇದೆ. ಇನ್ನು ಗೋಕಾಕಕ್ಕೆ ಬೇರೆಯದೇ ಕೊರತೆ. ಎತ್ತರವಿದ್ದರೂ ಬೇಸಿಗೆಯಲ್ಲಿ ನೀರು ಎಳೆಯಾಗುತ್ತದೆ.

ಶಿಕ್ಷಕರಲ್ಲಿ ಒಂದು ಕೋರಿಕೆ. ಚಿತ್ರ ಬಿಡಿಸುವ ಮೊದಲು ಮಕ್ಕಳಿಂದ ಒಂದೊಂದು ಕೊಡ ನೀರು ಶಾಲೆಯ ಮಾಳಿಗೆಗೆ ಹೊರಿಸಿ. ಆಮೇಲೆ ನವಿಲುತೀರ್ಥಕ್ಕೆ ಕರೆದುಕೊಂಡು ಹೋಗಿ.