ಬಾಂಡ್ ಬರೆದರೆ ಅಪ್ಪನಲ್ಲವೇ?

ಕಳೆದ ವರ್ಷ ದೀಪಾವಳಿ ಮುಗಿಸಿ ಊರಿನಿಂದ ಬಂದ ನನ್ನ ರೂಮ್‌ಮೇಟ್ ಎರಡು ದಿನ ಸರಿಯಾಗಿ ಮಾತೇ ಆಡಲಿಲ್ಲ. ವಿಜಯನಗರದ ನಮ್ಮ ಪಿಜಿಯಲ್ಲಿ ಅವನು ಕೆಎಎಸ್‌ಗೆ ಓದುತ್ತಾನೆ, ನಾನು ಎಲ್‌ಎಲ್‌ಬಿ ಕೊನೆಯ ವರ್ಷ. ಮೂರನೆಯ ರಾತ್ರಿ ಊಟ ಮುಗಿಸಿ ಟೆರೇಸಿಗೆ ಹೋದಾಗ ಮೆಲ್ಲಗೆ ಕೇಳಿದ: ‘ಲಾ ಓದ್ತೀಯಲ್ಲ, ಒಂದು ಬಾಂಡ್ ಡ್ರಾಫ್ಟ್ ಮಾಡಿಕೊಡ್ತೀಯಾ?’

ಬಾಡಿಗೆ ಕರಾರಿರಬೇಕು ಅಂದುಕೊಂಡೆ. ಅಲ್ಲ. ಅವನ ದೊಡ್ಡಪ್ಪನ ಮಗನಿಗೆ ಮದುವೆಯಾಗಿ ಏಳು ವರ್ಷ, ಮಕ್ಕಳಿಲ್ಲ. ತಪಾಸಣೆ ಮಾಡಿಸಿದಾಗ ಅಣ್ಣನ ವೀರ್ಯಾಣುಗಳ ಸಂಖ್ಯೆ ಸೊನ್ನೆ ಎಂದು ಗೊತ್ತಾಗಿದೆ. ಡಾಕ್ಟರು ವೀರ್ಯ ಬ್ಯಾಂಕಿನ ವಿಷಯ ಹೇಳಿದರೆ ಅಣ್ಣನ ಮನಸ್ಸು ಒಪ್ಪುತ್ತಿಲ್ಲ. ‘ಯಾರದೋ ಏನೋ ಬೇಡ ಕಣೋ. ನೀನಾದ್ರೆ ನಮ್ಮದೇ ರಕ್ತ. ಮಹಾಭಾರತದಲ್ಲೇ ಇಲ್ವಾ?’ ಎಂದು ತಮ್ಮನ ಕೈ ಹಿಡಿದುಕೊಂಡನಂತೆ. ಮುಂದೆ ಆಸ್ತಿ, ಹಕ್ಕು ಅಂತ ತಕರಾರು ಬರದಿರಲಿ ಎಂದು ಛಾಪಾ ಕಾಗದದ ಮೇಲೆ ಬರೆದುಕೊಳ್ಳೋಣ ಎಂದನಂತೆ: ಮಗುವಿನ ಮೇಲೆ ತಮ್ಮನಿಗೆ ಹಕ್ಕಿಲ್ಲ, ಹೊಣೆಯೂ ಇಲ್ಲ. ಜೊತೆಗೆ, ‘ನಿನ್ನ ಕೋಚಿಂಗ್ ಫೀಸ್ ನಾನು ನೋಡಿಕೊಳ್ತೀನಿ’ ಎಂಬ ಮಾತೂ ಇತ್ತು.

‘ಇಬ್ಬರೂ ಸೈನ್ ಹಾಕಿ ನೋಟರಿ ಮಾಡಿಸಿದ್ರೆ ಮುಗೀತಲ್ವಾ?’ ಎಂದ. ನಿಜ ಹೇಳಬೇಕೆಂದರೆ ನಾನೂ ಹಾಗೇ ಅಂದುಕೊಂಡಿದ್ದೆ. ಅಂಥ ಒಪ್ಪಂದದ ಮಾದರಿ ಹುಡುಕಲು ಕುಳಿತಾಗಲೇ ನನಗೆ ಕಣ್ಣು ತೆರೆದದ್ದು. ಹೆಸರು ಹಾಕಬೇಡ ಎಂಬ ಷರತ್ತಿನ ಮೇಲೆ ಅವನು ಒಪ್ಪಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸಿಕ್ಕಿದ್ದು ಅಮೆರಿಕದ ಕಾನ್ಸಾಸ್ ರಾಜ್ಯದ ಪ್ರಕರಣ. 2009ರಲ್ಲಿ ಟೊಪೀಕಾ ನಗರದ ಇಬ್ಬರು ಮಹಿಳೆಯರು ಒಟ್ಟಿಗೆ ಸಂಸಾರ ಮಾಡುತ್ತಿದ್ದರು. ವೀರ್ಯದಾನಿ ಬೇಕೆಂದು ಕ್ರೇಗ್ಸ್‌ಲಿಸ್ಟ್‌ನಲ್ಲಿ ಜಾಹೀರಾತು ಕೊಟ್ಟರು. ಅದನ್ನು ನೋಡಿ ಒಬ್ಬ ಮೆಕ್ಯಾನಿಕ್ ಮುಂದೆ ಬಂದ. ಅವರು ಕೊಡುತ್ತೇವೆಂದ 50 ಡಾಲರನ್ನೂ ಮುಟ್ಟಲಿಲ್ಲ. ಮಗುವಿನ ಹಕ್ಕು, ಖರ್ಚು ಯಾವುದೂ ಅವನಿಗೆ ಸಂಬಂಧಿಸಿದ್ದಲ್ಲ ಎಂದು ಕಾಗದ ಬರೆದು ಸಹಿ ಮಾಡಿದರು. ಡಾಕ್ಟರ ಹತ್ತಿರ ಹೋಗದೆ ಮನೆಯಲ್ಲೇ ಸಿರಿಂಜ್ ಬಳಸಿದರು. ಹೆಣ್ಣು ಮಗು ಹುಟ್ಟಿತು.

ಮುಂದೆ ಆ ಮಹಿಳೆಯರು ಬೇರೆಯಾದರು. ಹೆತ್ತ ತಾಯಿ ಸರ್ಕಾರದ ನೆರವಿಗೆ ಅರ್ಜಿ ಹಾಕಿದಾಗ ಅಧಿಕಾರಿಗಳು ಕೇಳಿದ್ದು ದಾನಿಯ ಹೆಸರನ್ನು. 2012ರಲ್ಲಿ ಸರ್ಕಾರ ಅವನ ಮೇಲೆ ಕೇಸು ಹಾಕಿತು. ಮಗುವಿಗೆ ತಾನು ಮಾಡಿದ ಸುಮಾರು 6,000 ಡಾಲರ್ ಖರ್ಚು ಮತ್ತು ಮುಂದಿನ ಜೀವನಾಂಶವನ್ನು ಅವನಿಂದ ಕೇಳಿತು. 2014ರ ಜನವರಿಯಲ್ಲಿ ಬಂದ ತೀರ್ಪು ಅವನ ವಿರುದ್ಧವಾಗಿತ್ತು. ದಾನಿಯನ್ನು ತಂದೆಯಲ್ಲ ಎನ್ನುವ ಅಲ್ಲಿನ ಕಾನೂನು ಅನ್ವಯಿಸುವುದು ವೀರ್ಯವನ್ನು ಪರವಾನಗಿ ಪಡೆದ ವೈದ್ಯರಿಗೆ ಕೊಟ್ಟಾಗ ಮಾತ್ರ. ಇಲ್ಲಿ ವೈದ್ಯರೇ ಇರಲಿಲ್ಲ, ಹಾಗಾಗಿ ಬರೆದ ಕಾಗದ ಅವನನ್ನು ಕಾಪಾಡಲಿಲ್ಲ.

ಅದೇ ಕಾನ್ಸಾಸ್‌ನ ಇನ್ನೊಂದು ಪ್ರಕರಣ ಇದಕ್ಕೆ ಪೂರ್ತಿ ಉಲ್ಟಾ. ಮಗು ಬೇಕೆಂದಿದ್ದ ಅವಿವಾಹಿತ ವಕೀಲೆಯೊಬ್ಬರಿಗೆ ಅವರ ಸ್ನೇಹಿತ ವೀರ್ಯ ಕೊಟ್ಟರು. ಕಾಗದಪತ್ರ ಏನೂ ಇರಲಿಲ್ಲ, ಎಲ್ಲ ಬಾಯಿಮಾತು. 2005ರಲ್ಲಿ ಅವಳಿ ಮಕ್ಕಳು ಹುಟ್ಟಿದವು. ಮಕ್ಕಳ ತಂದೆಯಾಗಿರುತ್ತೇನೆ ಎಂದು ಆತ ಕೋರ್ಟಿಗೆ ಹೋದರು. 2007ರಲ್ಲಿ ಕಾನ್ಸಾಸ್ ಸುಪ್ರೀಂ ಕೋರ್ಟ್ ಅವರ ಕೋರಿಕೆಯನ್ನು ಒಪ್ಪಲಿಲ್ಲ: ದಾನಿ ತಂದೆಯಾಗಬೇಕಾದರೆ ಹಾಗೆಂದು ಲಿಖಿತ ಒಪ್ಪಂದ ಇರಲೇಬೇಕಿತ್ತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅಪ್ಪನಾಗಲು ಒಲ್ಲದವನು ಬರೆದೂ ಅಪ್ಪನಾದ, ಆಗಬೇಕೆಂದವನು ಬರೆಯದೆ ಅಪ್ಪನಾಗಲಿಲ್ಲ. ಇಬ್ಬರ ಮನಸ್ಸಿನಲ್ಲಿ ಏನಿತ್ತು ಎನ್ನುವುದು ಮುಖ್ಯವಾಗಲಿಲ್ಲ. ಕಾನೂನು ಹಾಕಿದ ದಾರಿಯಲ್ಲಿ ನಡೆದರೋ ಇಲ್ಲವೋ ಎನ್ನುವುದೇ ಮುಖ್ಯವಾಯಿತು. ಆ ಮೆಕ್ಯಾನಿಕ್ ಹಣ ಕೊಡಬೇಕಿಲ್ಲ ಎಂದು ಅದೇ ಕೋರ್ಟ್ ಕೊನೆಗೆ ಹೇಳಿದ್ದು 2016ರ ನವೆಂಬರ್‌ನಲ್ಲಿ. 50 ಡಾಲರ್ ಮುಟ್ಟದವನು ನಾಲ್ಕು ವರ್ಷ ಕೋರ್ಟಿಗೆ ಅಲೆದಿದ್ದ.

ಆಸ್ಟ್ರೇಲಿಯಾದಲ್ಲಿ ಸಂಗತಿ ಇನ್ನೊಂದು ರೀತಿ. 2006ರಲ್ಲಿ ಒಬ್ಬ ವ್ಯಕ್ತಿ ಗೆಳತಿಗೆ ಖಾಸಗಿಯಾಗಿ ವೀರ್ಯ ಕೊಟ್ಟ. ಜನನ ಪ್ರಮಾಣಪತ್ರದಲ್ಲಿ ತಂದೆ ಎಂದು ಅವನ ಹೆಸರು ಬಂತು, ಮಗುವಿನ ಬೆಳವಣಿಗೆಯಲ್ಲೂ ಅವನು ಜೊತೆಗಿದ್ದ. ತಾಯಿ ತನ್ನ ಸಂಗಾತಿಯೊಂದಿಗೆ ಮಗುವನ್ನು ಕರೆದುಕೊಂಡು ನ್ಯೂಜಿಲೆಂಡಿಗೆ ಹೊರಟಾಗ ಜಗಳ ಕೋರ್ಟ್ ಮೆಟ್ಟಿಲೇರಿತು. 2019ರ ಜೂನ್‌ನಲ್ಲಿ ಅಲ್ಲಿನ ಹೈಕೋರ್ಟ್, ಅದು ಆ ದೇಶದ ಅತ್ಯುನ್ನತ ನ್ಯಾಯಾಲಯ, ಅವನು ಬರೀ ದಾನಿಯಲ್ಲ, ತಂದೆ ಎಂದಿತು. ಇದನ್ನು ಓದುವಾಗ ಹಬ್ಬಕ್ಕೊಮ್ಮೆ ಊರಿಗೆ ಹೋಗುವ ನನ್ನ ಗೆಳೆಯನೇ ಕಣ್ಣ ಮುಂದೆ ಬಂದ. ಆ ಮಗು ಅವನನ್ನು ಚಿಕ್ಕಪ್ಪ ಎನ್ನುತ್ತಾ ಮಡಿಲಿಗೆ ಬಂದಾಗ ಬಾಂಡ್ ಯಾವ ಸಹಾಯಕ್ಕೆ ಬರುತ್ತದೆ?

ಹಾಗಾದರೆ ನಮ್ಮಲ್ಲಿ? ನೆಂಟರ ಅಥವಾ ಪರಿಚಯದ ಸ್ನೇಹಿತರ ವೀರ್ಯ ಬಳಸಬಾರದು ಎಂದು ಐಸಿಎಂಆರ್ 2005ರ ಮಾರ್ಗಸೂಚಿಯಲ್ಲೇ ಹೇಳಿತ್ತು. 2021ರಲ್ಲಿ ಸಂಸತ್ತು ಎಆರ್‌ಟಿ ಕಾಯ್ದೆಯನ್ನೇ ತಂದಿತು. ಇದರ ಪ್ರಕಾರ ದಾನಿಯ ವೀರ್ಯ ನೋಂದಾಯಿತ ಬ್ಯಾಂಕಿನ ಮೂಲಕವೇ ಬರಬೇಕು. ದಾನಿಗೆ 21ರಿಂದ 55 ವರ್ಷ ವಯಸ್ಸಾಗಿರಬೇಕು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆ ಕಡ್ಡಾಯ. ಒಬ್ಬ ದಾನಿಯ ವೀರ್ಯವನ್ನು ಒಂದಕ್ಕಿಂತ ಹೆಚ್ಚು ದಂಪತಿಗೆ ಕೊಡುವಂತಿಲ್ಲ. ಹುಟ್ಟಿದ ಮಗು ದಂಪತಿಯದೇ, ದಾನಿಗೆ ಯಾವ ಪೋಷಕ ಹಕ್ಕೂ ಇಲ್ಲ ಎಂದು 31ನೇ ಸೆಕ್ಷನ್ ಹೇಳುತ್ತದೆ. ಅಣ್ಣ ಬಾಂಡ್‌ನಲ್ಲಿ ಬರೆಸಬೇಕೆಂದಿದ್ದ ಮಾತು ಕಾಯ್ದೆಯಲ್ಲಿ ಆಗಲೇ ಇದೆ! ಆದರೆ ಗುಟ್ಟಾಗಿ ಮನೆಯಲ್ಲೇ ಮುಗಿಸಿಕೊಂಡವರು ಆ ಕವಚವನ್ನು ನಂಬಿ ಕೂರುವಂತಿಲ್ಲ. ಇನ್ನು ವೀರ್ಯ, ಅಂಡಾಣುಗಳ ಮಾರಾಟ ಅಪರಾಧ. ಮೊದಲ ಸಲಕ್ಕೇ 5 ಲಕ್ಷದಿಂದ 10 ಲಕ್ಷ ರೂಪಾಯಿ ದಂಡ. ಕೋಚಿಂಗ್ ಫೀಸ್ ಮಾತು ಬಾಂಡ್‌ನಲ್ಲಿ ಬಂದರೆ ಅದು ನಮಗೇ ಸಾಕ್ಷಿಯಾಗಿ ತಿರುಗಿ ನಿಲ್ಲಬಹುದು. ಕಾನೂನಿಗೆ ವಿರುದ್ಧವಾದ ಉದ್ದೇಶದ ಒಪ್ಪಂದ ಊರ್ಜಿತವಲ್ಲ ಎನ್ನುವುದನ್ನು ನಾವು ಮೊದಲ ವರ್ಷದಲ್ಲೇ ಕರಾರು ಕಾಯ್ದೆಯ 23ನೇ ಸೆಕ್ಷನ್ ಎಂದು ಓದಿರುತ್ತೇವೆ.

ಮನೆಯೊಳಗಿನ ದಾನ ಎಲ್ಲಿಗೆ ಮುಟ್ಟುತ್ತದೆ ಎನ್ನುವುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಒಬ್ಬ ಮಹಿಳೆಗೆ ತಂಗಿಯೇ ಅಂಡಾಣು ಕೊಟ್ಟಿದ್ದಳು. ಬಾಡಿಗೆ ತಾಯಿಯ ಮೂಲಕ ಅವಳಿ ಹೆಣ್ಣು ಮಕ್ಕಳು ಹುಟ್ಟಿದವು. ಆಮೇಲೆ ಗಂಡ ಮಕ್ಕಳನ್ನು ಕರೆದುಕೊಂಡು ಹೋಗಿ ಬೇರೆ ಇದ್ದ, ಆ ಮನೆಯಲ್ಲಿ ತಂಗಿಯೂ ಇದ್ದಳು. ಅಂಡಾಣು ಕೊಟ್ಟವಳೇ ತಾಯಿ ಎಂಬ ವಾದ ಬಂತು. 2024ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ತಳ್ಳಿಹಾಕಿ, ಮಕ್ಕಳನ್ನು ಭೇಟಿಯಾಗಲು ಅಕ್ಕನಿಗೆ ಅವಕಾಶ ಕೊಟ್ಟಿತು. ಕಾನೂನು ಅಕ್ಕನ ಪರ ನಿಂತಿತು, ಸರಿ. ಆದರೆ ಐದು ವರ್ಷದ ಆ ಮಕ್ಕಳು ಅಷ್ಟರಲ್ಲೇ ಎಷ್ಟೆಲ್ಲಾ ನೋಡಿದ್ದವು!

ಇದನ್ನೆಲ್ಲ ಓದಿದ ಮೇಲೆ ಗೆಳೆಯನಿಗೆ ಹೇಳಿದೆ: ‘ಬಾಂಡ್ ಟೈಪ್ ಮಾಡೋಕೆ ಹತ್ತು ನಿಮಿಷ ಸಾಕು. ಆದರೆ ಅದರಲ್ಲಿ ನೀನಿದ್ದೀಯ, ಅಣ್ಣ ಇದ್ದಾರೆ. ಅತ್ತಿಗೆಯನ್ನ ಯಾರಾದರೂ ಕೇಳಿದ್ರಾ? ಸೈನ್ ಹಾಕದ ಆ ಮಗು ನಾಳೆ ಕೇಳಿದರೆ?’ ಅವನು ಉತ್ತರ ಕೊಡಲಿಲ್ಲ. ಅತ್ತಿಗೆಗೆ ಈ ವಿಷಯವೇ ಗೊತ್ತಿರಲಿಲ್ಲ ಎಂದು ಮರುದಿನ ಹೇಳಿದ.

ಆ ಭಾನುವಾರ ಅವನು ಅಣ್ಣನಿಗೆ ಫೋನ್ ಮಾಡಿದ. ಆಗಲ್ಲ ಎಂದು ಹೇಳುವಾಗ ಅವನ ಧ್ವನಿ ನಡುಗುತ್ತಿತ್ತು. ಅಣ್ಣ ಎರಡು ವಾರ ಮಾತು ಬಿಟ್ಟ. ಆಮೇಲೆ ಒಂದು ಸಂಜೆ ಅವನೇ ಫೋನ್ ಮಾಡಿ, ಅತ್ತಿಗೆಯ ಜೊತೆ ನೋಂದಾಯಿತ ಕ್ಲಿನಿಕ್ಕಿಗೆ ಹೋಗಿ ಮಾತಾಡಿ ಬಂದೆವು ಎಂದ. ಮುಂದೇನು ಮಾಡುತ್ತಾರೋ, ದತ್ತು ತೆಗೆದುಕೊಳ್ಳುತ್ತಾರೋ, ಅದು ಅವರಿಬ್ಬರ ನಿರ್ಧಾರ.

ಕೆಲಸ ಹುಡುಕುತ್ತಾ, ಫೀಸಿಗೆ ಪರದಾಡುತ್ತಾ ಇರುವ ನಮ್ಮಂಥವರಿಗೆ ಇಂಥ ಕೋರಿಕೆ ನೆಂಟರಿಂದಲೂ ಬರಬಹುದು, ಗೊತ್ತಿಲ್ಲದವರಿಂದಲೂ ಬರಬಹುದು. ಮಕ್ಕಳಿಲ್ಲದವರ ಸಂಕಟ ದೊಡ್ಡದು, ಅದನ್ನು ಹಗುರ ಮಾಡುವ ದಾನವೂ ದೊಡ್ಡದೇ. ಕೊಡುವ ಮನಸ್ಸಿದ್ದರೆ ನೋಂದಾಯಿತ ಬ್ಯಾಂಕಿಗೆ ಹೋಗಿ. ‘ಒಂದು ಸೈನ್ ಅಷ್ಟೇ’ ಎಂದು ಯಾರಾದರೂ ಛಾಪಾ ಕಾಗದ ಮುಂದಿಟ್ಟರೆ ಮಾತ್ರ ಪೆನ್ನು ತೆಗೆಯುವ ಮೊದಲು ಬಲ್ಲ ವಕೀಲರೊಬ್ಬರನ್ನು ಕೇಳಿ. ನನ್ನ ಲ್ಯಾಪ್‌ಟಾಪಿನಲ್ಲಿ ‘ಒಪ್ಪಂದ ಪತ್ರ’ ಎಂಬ ತಲೆಬರಹ ಮಾತ್ರ ಇರುವ ಒಂದು ಖಾಲಿ ಫೈಲ್ ಹಾಗೇ ಇದೆ. ಅದನ್ನು ತುಂಬಿಸದೇ ಇದ್ದದ್ದಕ್ಕೆ ನನಗೆ ಸಮಾಧಾನವಿದೆ.