ಗಾಳಿಗೆ ಮೂರೇ ಪಾಸ್

2021ರ ಡಿಸೆಂಬರ್ 6, ಸೋಮವಾರ ರಾತ್ರಿ. ಬಫಲೋ ಪಕ್ಕದ ಆರ್ಚರ್ಡ್ ಪಾರ್ಕ್‌ನಲ್ಲಿ ಗೋಲುಕಂಬಗಳು ತೊನೆಯುತ್ತಿವೆ. ಈರಿ ಸರೋವರದ ಕಡೆಯಿಂದ ಗಂಟೆಗೆ 40 ಮೈಲಿ ಮೀರಿ ನುಗ್ಗುವ ಗಾಳಿ, ಸೂರಿಲ್ಲದ ಕ್ರೀಡಾಂಗಣದ ಉದ್ದಕ್ಕೂ ಹಿಮದ ಹುಡಿಯನ್ನು ಅಟ್ಟಿಸಿಕೊಂಡು ಹೋಗುತ್ತಿದೆ. ಒದ್ದ ಚೆಂಡು ಎಲ್ಲಿ ಇಳಿಯುತ್ತದೋ ಒದ್ದವನಿಗೇ ಗೊತ್ತಿಲ್ಲ.

ಬಾಸ್ಟನ್ ಹೊರವಲಯದ ಕನ್ನಡಿಗರೊಬ್ಬರ ಮನೆಯಲ್ಲಿ ಬಫಲೋ–ಪೇಟ್ರಿಯಟ್ಸ್ ಪಂದ್ಯ ತೋರಿಸುತ್ತಿರುವ ಟಿ.ವಿ. ಮುಂದೆ ಜಗಳ ಆಗಲೇ ಶುರುವಾಗಿದೆ. ಟಾಮ್ ಬ್ರೇಡಿ ಕಾಲದಿಂದ ಪೇಟ್ರಿಯಟ್ಸ್ ತಂಡವನ್ನು ಮನೆದೇವರಂತೆ ನಂಬಿಕೊಂಡು ಬಂದ ಭಾವ ಸೋಫಾದಲ್ಲಿ. ನೆಲದ ಮೇಲೆ, ಕಾಂಗ್ರೆಸ್ ಕಡಲೆಬೀಜದ ಬಟ್ಟಲು ಹಿಡಿದು ಕೂತ ಭಾವಮೈದುನ. ಊರಿಂದ ಬಂದಿರುವ ಅಮ್ಮ ಶಾಲು ಹೊದ್ದು ಮೂಲೆಯ ಕುರ್ಚಿಯಲ್ಲಿ.

"ಭಾವ, ಇದೇನಿದು? ಅರ್ಧ ಆಟ ಮುಗೀತು, ಒಂದೇ ಒಂದು ಪಾಸ್!"

"ಗಾಳಿ ನೋಡೋ. ಎಸೆದ್ರೆ ಅವರ ಕೈಗೆ ಹೋಗುತ್ತೆ."

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹತ್ತು ಗಜ ಮುನ್ನಡೆಯಲು ನಾಲ್ಕು ಅವಕಾಶ. ಚೆಂಡನ್ನು ಎಸೆದು ಹೋಗಬಹುದು, ಅಪ್ಪಿಕೊಂಡು ಓಡಬಹುದು. ಎಸೆತಕ್ಕೆ ದೂರ ಸಿಗುತ್ತದೆ, ಅಪಾಯವೂ ಅದರ ಬೆನ್ನಿಗೇ ಇರುತ್ತದೆ. ಓಟದಲ್ಲಿ ಸಿಗುವುದು ಮೂರು ಗಜ, ನಾಲ್ಕು ಗಜ. ಆದರೆ ಚೆಂಡು ಕೈಯಲ್ಲಿರುತ್ತದೆ, ಗಡಿಯಾರವೂ ಓಡುತ್ತಿರುತ್ತದೆ. ಪೇಟ್ರಿಯಟ್ಸ್ ಕೋಚ್ ಬಿಲ್ ಬೆಲಿಚಿಕ್ ಅಂದು ಆರಿಸಿದ್ದು ಇದನ್ನೇ. ಭಾರೀ ಆಳು ಮೈಕಲ್ ಒನ್ವೇನುವನ್ನು ಹೆಚ್ಚುವರಿ ತಡೆಗಾರನಾಗಿ ಮುಂದೆ ನಿಲ್ಲಿಸಿ, ಓಟಗಾರರನ್ನು ಎದುರಾಳಿಗಳ ಮಧ್ಯಕ್ಕೇ ನುಗ್ಗಿಸಿದರು. ಮೊದಲ ಕ್ವಾರ್ಟರ್‌ನಲ್ಲೇ ಡೇಮಿಯನ್ ಹ್ಯಾರಿಸ್ ಸಂದಿ ಹುಡುಕಿ 64 ಗಜ ಓಡಿ ಟಚ್‌ಡೌನ್ ಮಾಡಿದಾಗ ಭಾವನ ಕೂಗಿಗೆ ಮಹಡಿಯ ಮೇಲೆ ಮಲಗಿದ್ದ ಮಗು ಎದ್ದಿತ್ತು.

ಆಮೇಲೆ ಬಫಲೋ ಒದ್ದ ಚೆಂಡೊಂದು ಗಾಳಿಯಲ್ಲಿ ತೂರಾಡುತ್ತ ಬಂದು ಪೇಟ್ರಿಯಟ್ಸ್‌ನ ಎನ್‌ಕೀಲ್ ಹ್ಯಾರಿಗೆ ತಗುಲಿತು. ಬಫಲೋದವರು ಅದನ್ನು ಬಾಚಿಕೊಂಡು, ಸಿಕ್ಕ ಆ ಅವಕಾಶದಲ್ಲಿ ಟಚ್‌ಡೌನ್ ಮಾಡಿದರು. ಪೇಟ್ರಿಯಟ್ಸ್ 8, ಬಫಲೋ 7.

"ನೋಡಿದ್ಯಾ? ಎಸೆಯದೇ ಇದ್ರೂ ಚೆಂಡು ಹೋಯ್ತಲ್ಲ!" ಮೈದುನನಿಗೆ ಪಾಯಿಂಟ್ ಸಿಕ್ಕಿತು. "ಆ ಕಡೆ ಜಾಶ್ ಆಲನ್ ಎಸೀತಾನೇ ಇದ್ದಾನೆ. ಗಾಳಿ ಅವನಿಗೂ ಇಲ್ವಾ?"

"ಎಸೀತಾನೆ, ಅರ್ಧ ನೆಲಕ್ಕೆ ಬೀಳ್ತಿದೆ."

ಭಾವ ಉತ್ಪ್ರೇಕ್ಷೆ ಮಾಡಿರಲಿಲ್ಲ. ಆಲನ್ ಆ ರಾತ್ರಿ ಎಸೆದ 30ರಲ್ಲಿ ಗುರಿ ಸೇರಿದ್ದು 15. ಪೇಟ್ರಿಯಟ್ಸ್‌ನ ಹೊಸ ಹುಡುಗ ಮ್ಯಾಕ್ ಜೋನ್ಸ್ ಪಂದ್ಯ ಪೂರ್ತಿ ಎಸೆದದ್ದೇ ಮೂರು. ಸೇರಿದ್ದು ಎರಡು, ಸಿಕ್ಕಿದ್ದು 19 ಗಜ. ಓಟ ಮಾತ್ರ 46 ಸಲ, 222 ಗಜ. ಇದಕ್ಕಿಂತ ಕಡಿಮೆ ಎಸೆದ ತಂಡ ಬೇಕೆಂದರೆ 1974ಕ್ಕೆ ಹೋಗಬೇಕು. ಅಂದು ಎರಡೇ ಎಸೆದು ಜೆಟ್ಸ್ ತಂಡವನ್ನು ಸೋಲಿಸಿದ್ದು ಇದೇ ಬಫಲೋ!

ಅಷ್ಟು ಹೊತ್ತೂ ಸುಮ್ಮನಿದ್ದ ಅಮ್ಮ ಕೇಳಿದರು: "ಆ ಹುಡುಗನಿಗೆ ಎಸೆಯಕ್ಕೆ ಬರಲ್ವೋ, ಇಲ್ಲಾ ಇವರೇ ಬಿಡ್ತಿಲ್ವೋ?"

ಇಬ್ಬರೂ ಟಿ.ವಿ. ಕಡೆ ತಿರುಗಿದರು. ವಾದದ ತಿರುಳು ಅಲ್ಲೇ ಇತ್ತು. ಮೈದುನನ ಸಿಟ್ಟು ಓಟದ ಮೇಲಲ್ಲ, ಹುಡುಗನನ್ನು ನಂಬಲಿಲ್ಲವಲ್ಲ ಎಂಬುದರ ಮೇಲೆ. ಭಾವನಿಗೆ ಹುಡುಗ ಮುಖ್ಯವಲ್ಲ, ಲೆಕ್ಕ ಮುಖ್ಯ.

ಆದರೆ ಆ ಲೆಕ್ಕದಲ್ಲಿ ಉಳಿಯುವ ಅಂತರ ಸಣ್ಣದು. ಪೇಟ್ರಿಯಟ್ಸ್ 14–10 ಮುಂದಿದ್ದಾಗ ಬಫಲೋ 33 ಗಜದ ಒದೆತವೊಂದನ್ನು ಕಂಬದ ಹೊರಗೆ ಕಳೆದುಕೊಂಡಿತು. ಮತ್ತೆ 18 ಗಜದವರೆಗೂ ಬಂತು. ನಾಲ್ಕನೇ ಅವಕಾಶದಲ್ಲಿ ಆಲನ್ ಎಸೆದದ್ದಕ್ಕೆ ಮೈಲ್ಸ್ ಬ್ರಯಂಟ್ ಕೈ ಅಡ್ಡ ಬಂತು. ಅಷ್ಟೇ. ಆ ಕೈ ತಪ್ಪಿ ಚೆಂಡು ಗುರಿ ಸೇರಿದ್ದರೆ, ಜಾಣತನ ಎಂದು ಹೊಗಳಿಸಿಕೊಂಡ ಯೋಜನೆಯೇ ಮರುದಿನ ಪುಕ್ಕಲುತನ ಎನಿಸಿಕೊಳ್ಳುತ್ತಿತ್ತು.

"ಗೆದ್ವಲ್ಲ, ಇನ್ನೇನು?" ಭಾವ ಎದ್ದು ಕಾಫಿಗೆ ಹೋದರು. ಸತತ ಏಳನೇ ಗೆಲುವು, ಬೇರೆ ಮಾತಿಗೆ ಆಸ್ಪದವಿರಲಿಲ್ಲ.

ಜನವರಿ 15ರಂದು ಪ್ಲೇಆಫ್‌ಗೆ ಇವೇ ತಂಡಗಳು ಅದೇ ಮೈದಾನದಲ್ಲಿ ಸೇರಿದವು. ಮೂಳೆ ಕೊರೆಯುವ ಚಳಿ, ಆದರೆ ಡಿಸೆಂಬರಿನ ಗಾಳಿ ಇಲ್ಲ. ಚಳಿ ಬೆರಳನ್ನು ಮರಗಟ್ಟಿಸುತ್ತದೆಯೇ ಹೊರತು ಎಸೆದ ಚೆಂಡಿನ ದಾರಿ ತಪ್ಪಿಸುವುದಿಲ್ಲ. ಆಲನ್ ಐದು ಟಚ್‌ಡೌನ್ ಎಸೆದ. ವಿರಾಮದ ಹೊತ್ತಿಗೆ 27–3, ಕೊನೆಗೆ 47–17. ಇಷ್ಟು ಹಿಂದೆ ಬಿದ್ದ ಮೇಲೆ ಮೂರು ಮೂರು ಗಜ ಓಡಿ ತಲುಪುವುದು ಎಲ್ಲಿಗೆ? ಮ್ಯಾಕ್ ಜೋನ್ಸ್ ಅಂದು 38 ಸಲ ಎಸೆಯಬೇಕಾಯಿತು.

"ನಿನ್ನ ಹುಡುಗ ಎಸೀತಿದ್ದಾನಲ್ಲ, ಖುಷೀನಾ?" ಭಾವ ಕೆಣಕಿದರು.

"ಗೆಲ್ಲೋಕೆ ಎಸಿ ಅಂದಿದ್ದು ಭಾವ," ಎಂದ ಮೈದುನ, "ಸೋತ ಮೇಲಲ್ಲ."